ಇರಿವಿ ಬೆಂಡೋಲಿ ಕಂಡ ಗಾಜು

ನಾನೊಂದು ಭೂತಗನ್ನಡಿ. ಹಿತ್ತಾಳೆಯ ಚೌಕಟ್ಟು, ಮಡಚಿದರೆ ಹಳೆಯ ಎಂಟಾಣೆಯಷ್ಟೇ ಗಾತ್ರ. ಆದರೆ ಗಾತ್ರ ನೋಡಿ ಮೋಸ ಹೋಗಬೇಡಿ. ಇರುವೆಯನ್ನು ಆನೆ ಮಾಡಿದವನು ನಾನು. ತುಂಬೆ ಹೂವಿನೊಳಗೆ ಮದುವೆ ಮಂಟಪ ತೋರಿಸಿದವನು ನಾನು. ಒಂದು ಹಲಸಿನ ಎಲೆಯ ಬೆನ್ನನ್ನು ತೋರಿಸಿ, ಇಡೀ ಜಿಲ್ಲೆಯ ರಸ್ತೆಗಳ ನಕ್ಷೆ ಎಂದು ನಂಬಿಸಿದವನೂ ನಾನೇ. ಯಾವುದನ್ನೇ ಆಗಲಿ ಹತ್ತು ಪಟ್ಟು ದೊಡ್ಡದು ಮಾಡಿ ಹೇಳುವುದು ನನ್ನ ಕುಲಕಸುಬು. ನನ್ನ ಮೈಮೇಲೇ ಹಾಗೆಂದು ಕೆತ್ತಿದ್ದಾರೆ. ಆದ್ದರಿಂದ ಈ ಕಥೆಯಲ್ಲಿ ಬರುವ ಲೆಕ್ಕವನ್ನೆಲ್ಲ ಹತ್ತರಿಂದ ಭಾಗಿಸಿಕೊಂಡು ಓದಿ. ಒಂದು ಕಡೆ ಮಾತ್ರ ಭಾಗಿಸಬಾರದು. ಅಲ್ಲಿಗೆ ಬಂದಾಗ ನಾನೇ ಹೇಳುತ್ತೇನೆ.

ನಾನು ಹುಟ್ಟಿದ್ದು ದೂರದ ಅಂಬಾಲಾದಲ್ಲಿ, ಕಾಲೇಜುಗಳಿಗೆ ಬೇಕಾದ ಗಾಜಿನ ಸಾಮಾನು ತಯಾರಿಸುವ ಒಂದು ಇಕ್ಕಟ್ಟಾದ ಓಣಿಯಲ್ಲಿ. ನನ್ನನ್ನು ಉಜ್ಜಿ ಉಜ್ಜಿ ನುಣುಪು ಮಾಡಿದ ಮುದುಕನ ಕೈಗೆ ಐವತ್ತು ಬೆರಳುಗಳಿದ್ದವು. ನಾನು ಹುಟ್ಟಿದ ದಿನ ಅವನು ನನ್ನನ್ನು ಬಿಸಿಲಿಗೆ ಹಿಡಿದ; ನೆಲದ ಮೇಲಿದ್ದ ಕಾಗದದ ಚೂರು ಹೊಗೆಯಾಡಿತು. ಸೂರ್ಯನನ್ನೇ ಒಂದು ಚುಕ್ಕಿಯೊಳಗೆ ಹಿಡಿದುಕೊಟ್ಟ ಮಗು ಜಗತ್ತಿನಲ್ಲಿ ಇನ್ನಾವುದಿದೆ, ಹೇಳಿ? ಆಕಾಶ ನೋಡುವ ದೊಡ್ಡ ದುರ್ಬೀನುಗಳೆಲ್ಲ ನನ್ನ ದೊಡ್ಡಪ್ಪನ ಮಕ್ಕಳು. ಅವರು ಮೇಲೆ ನೋಡಿ ಹೆಸರು ಮಾಡಿದರು, ನಾನು ಕೆಳಗೆ ನೋಡಿ ಮಾಡಿದೆ.

ಅಲ್ಲಿಂದ ರೈಲು ಹತ್ತಿ ಹುಬ್ಬಳ್ಳಿಯ ಒಂದು ಅಂಗಡಿಗೆ ಬಂದೆ. ಕಪಾಟಿನಲ್ಲಿ ಒಂದಷ್ಟು ಕಾಲ ಧೂಳು ತಿಂದೆ. ಆಮೇಲೆ ಮುದೇನೂರ ಸರ್ ಬಂದರು. ಮುಂಡರಗಿಯಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಮೇಷ್ಟ್ರು. ನನ್ನನ್ನು ಎತ್ತಿ ಕಣ್ಣಿಗೆ ಹಿಡಿದು, ತಮ್ಮ ಹೆಬ್ಬೆರಳಿನ ಉಗುರನ್ನು ನೋಡಿಕೊಂಡು, "ಇದು ಆದೀತು" ಎಂದರು. ಆದೀತು! ಸೂರ್ಯನನ್ನು ಹಿಡಿದವನಿಗೆ ಸಿಕ್ಕ ಮರ್ಯಾದೆ ಅಷ್ಟು.

ಅವರ ಕೊರಳಿನಲ್ಲಿ ಕರಿ ದಾರಕ್ಕೆ ಜೋತುಬಿದ್ದು ನಾನು ಇನ್ನೂರು ವರ್ಷ ಗುಡ್ಡ ಹತ್ತಿದೆ, ಇಳಿದೆ. ಎದೆಯ ಮೇಲೆ ಮಲಗಿ ಮೇಲೆ ನೋಡಿದರೆ ಕಾಣುವುದು ಗಡ್ಡದ ಕೆಳಭಾಗ ಮತ್ತು ಎರಡು ಮೂಗಿನ ಹೊಳ್ಳೆಗಳು, ಕಬ್ಬಿನ ಗದ್ದೆ ಬೆಳೆದ ಎರಡು ಗುಹೆಗಳ ಹಾಗೆ. ದೊಡ್ಡವರನ್ನು ಕೆಳಗಿನಿಂದ ನೋಡಿದವರಿಗೆ ಅವರ ಮೇಲೆ ಭಯ ಉಳಿಯುವುದಿಲ್ಲ, ಪ್ರೀತಿ ಉಳಿಯುತ್ತದೆ. ಸರ್ ಒಳ್ಳೆಯವರು. ಗಿಡದ ಮುಂದೆ ಮಂಡಿಯೂರಿ ಕೂರುವಾಗ ಚಪ್ಪಲಿ ಕಳಚುತ್ತಿದ್ದರು.

ನಿವೃತ್ತಿಯಾದ ಮೇಲೆ ಸರ್ ಒಂದು ಕೆಲಸಕ್ಕೆ ಕೈಹಾಕಿದರು. ಊರ ಪಕ್ಕದ ಎಮ್ಮಿಗುಡ್ಡದ ತಪ್ಪಲಿನಲ್ಲಿ ಹೊಸದಾಗಿ ಒಂದು ಸಸ್ಯವನ ಆಗುತ್ತಿತ್ತು. ಅದರ ಆಶ್ರಯದಲ್ಲಿ ನಮ್ಮ ನೆಲದ ಗಿಡಗಳ ಬಗ್ಗೆ ಆರು ತಿಂಗಳ ಪ್ರಮಾಣಪತ್ರ ಕೋರ್ಸು. ಪ್ರತಿ ಭಾನುವಾರ ತರಗತಿ, ಗುಡ್ಡ ಸುತ್ತಾಟ. ಓದು ಬರಹ ಬಂದರೆ ಸಾಕು, ಯಾರು ಬೇಕಾದರೂ ಸೇರಬಹುದು. ಪಾಸಾದವರಿಗೆಲ್ಲ ಫೋಟೋ ಇರುವ ಒಂದು ಕಾರ್ಡು. ಅದನ್ನು ತೋರಿಸಿದರೆ ಗುಡ್ಡದ ಗೇಟು ತೆರೆಯುತ್ತದೆ, ಯಾರೂ ಕೇಳುವಂತಿಲ್ಲ. ಮೊದಲನೆಯವರಾಗಿ ಪಾಸಾದವರಿಗೆ ಸಸ್ಯವನದ ಮಾಹಿತಿ ಕೋಣೆಯಲ್ಲಿ ಕೆಲಸ. ಹಣ ಒಂದೇ ವರ್ಷಕ್ಕೆ ಮಂಜೂರಾಗಿತ್ತು, ಆದ್ದರಿಂದ ಒಂದೇ ತಂಡ. ಸೇರಿದವರು ಇನ್ನೂರು ಮೂವತ್ತು ಜನ. ಭಾಗಿಸಿಕೊಳ್ಳಿ.

ಮೊದಲ ದಿನ ಸರ್ ಒಬ್ಬೊಬ್ಬರನ್ನೇ ಎಬ್ಬಿಸಿ, ಯಾಕೆ ಸೇರಿದಿರಿ ಎಂದು ಕೇಳಿದರು.

ಮುಂದಿನ ಸಾಲಿನಲ್ಲಿ ಪ್ರೇಮಲೀಲಾ ಹೊಂಬಳ ಇದ್ದಳು. ಮೂವತ್ತೈದರ ಆಸುಪಾಸು, ಡಿಗ್ರಿ ಓದಿದವಳು, ಅಕ್ಷರ ಮುತ್ತಿನ ಹಾಗೆ. "ಜ್ಞಾನಕ್ಕಾಗಿ ಸರ್" ಎಂದಳು. ಸರ್ ತಲೆದೂಗಿದರು.

ಹಿಂದಿನ ಸಾಲಿನಿಂದ ಎದ್ದವಳು ಫಕೀರವ್ವ. ಐವತ್ತರ ಹತ್ತಿರದ ಹೆಂಗಸು, ಗುಡ್ಡದಿಂದ ಹಕ್ಕರಕಿ, ಕಿರಕಸಾಲಿ ಸೊಪ್ಪು ತಂದು ಮುಂಡರಗಿ ಸಂತೆಯಲ್ಲಿ ಮಾರುವವಳು. ಕೂರುವಾಗಲೂ ಏಳುವಾಗಲೂ ಖಾಲಿ ಬುಟ್ಟಿ ಜೊತೆಗಿತ್ತು.

"ಗುಡ್ಡದ ಗಾರ್ಡ್ ನನ್ನ ಬುಟ್ಟಿ ನೆಲಕ್ಕ ಸುರುವತಾನ್ರಿ ಸರ. 'ಕಾರ್ಡ್ ಎಲ್ಲೈತಿ? ಕಾರ್ಡ್ ಇಲ್ಲದ ಮ್ಯಾಲ ಕಳ್ಳಿ ನೀ' ಅಂತಾನ. ನಮ್ಮ ಆಯಿ ಕಾಲದಿಂದ ಹತ್ತಿ ಇಳಿಯೂ ಗುಡ್ಡರಿ ಅದು. ಕಾರ್ಡ್ ಒಂದಾದ್ರ ಸುರುವಂಗಿಲ್ಲಲ್ಲ? ಅದಕ್ಕ ಬಂದೀನ್ರಿ."

ಕೋಣೆಯೆಲ್ಲ ನಕ್ಕಿತು. ಸರ್ ನಗಲಿಲ್ಲ. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ.

ಅಂದು ಯಾವ ಗಿಡ ನಮ್ಮದು, ಯಾವುದು ಹೊರಗಿನಿಂದ ಬಂದದ್ದು ಎಂದು ಪಾಠ. ಕಾಂಗ್ರೆಸ್ ಕಸ ಹೊರಗಿನದು ಎಂದಾಗ ಎಲ್ಲರೂ ಒಪ್ಪಿದರು. ಮೆಣಸಿನಕಾಯಿಯೂ ಹೊರಗಿನದು, ಹಡಗಿನಲ್ಲಿ ಬಂದದ್ದು ಎಂದಾಗ ಫಕೀರವ್ವ ಎದ್ದೇ ನಿಂತಳು.

"ಏ ಸುಮ್ನಿರ್ರಿ ಸರ. ಮೆಣಸಿನಕಾಯಿ ನಮ್ದಲ್ಲಾ? ಹಂಗಾದ್ರ ನಮ್ಮ ಮುತ್ತಜ್ಜಿ ರೊಟ್ಟಿಗೆ ಏನ್ ಹಚ್ಕೊಂಡು ತಿಂತಿದ್ಲು?"

"ಮೆಣಸಿನ ಕಾಳು ಕುಟ್ಟಿ ಹಚ್ಕೊಂತಿದ್ಲವ್ವಾ."

"ಪಾಪ" ಎಂದು ಫಕೀರವ್ವ ಕುಳಿತಳು. ಮುತ್ತಜ್ಜಿಯ ಬಗ್ಗೆ ಅವಳಿಗೆ ನಿಜಕ್ಕೂ ಮರುಕವಾಗಿತ್ತು. ಅಂಬಾಲಾದಿಂದ ಬಂದ ನಾನು ಅಂಗಿಯ ಗುಂಡಿಯ ಹಿಂದೆ ಸರಿದು ಸುಮ್ಮನಾದೆ. ಯಾಕೆ ಬೇಕು, ನಾಳೆ ನನ್ನನ್ನೂ ಕಳೆ ಎಂದು ಕಿತ್ತರೆ?

ಒಂದು ತಿಂಗಳಾಗುವಷ್ಟರಲ್ಲಿ ಸರ್ ಅವರ ಕಣ್ಣಿಗೆ ಪೊರೆ ಬಂತು. ತರಗತಿಯಲ್ಲಿ ಎಲ್ಲರಿಗಿಂತ ಚೆಂದವಾಗಿ ಹೂವಿನ ಚಿತ್ರ ಬರೆದವರಿಗೆ ನನ್ನನ್ನು ಕೊಡುತ್ತೇನೆ ಎಂದರು. ಪ್ರೇಮಲೀಲಾ ಗೆದ್ದಳು. ಕರಿ ದಾರ ಬದಲಾಗಿ ನನಗೆ ಕೆಂಪು ರಿಬ್ಬನ್ ಬಂತು. ದಿನಾ ಮುಂಜಾನೆ ಸೆರಗಿನ ತುದಿಯಿಂದ ಉಜ್ಜಿ, "ನನ್ನ ಮೂರನೇ ಕಣ್ಣು ನೀನು" ಎನ್ನುತ್ತಿದ್ದಳು. ಅವಳ ಗಂಡ ಊಟದ ತಟ್ಟೆಯ ಮುಂದೆ ಕುಳಿತು, "ಕಸಾ ಒಣಗಸಾಕ ಒಂದು ಕೋರ್ಸು, ಅದಕ್ಕೊಂದು ಸರ್ಟಿಫಿಕೇಟು" ಎಂದು ಕುಹಕವಾಡುತ್ತಿದ್ದ. ಆಗ ಅವಳ ಕೈ ನನ್ನನ್ನು ಬಿಗಿಯಾಗಿ ಹಿಡಿಯುತ್ತಿತ್ತು. "ಫಸ್ಟ್ ಬರ್ತೀನಿ, ಆಮ್ಯಾಲ ಮಾತಾಡ್ರಿ" ಎನ್ನುತ್ತಿದ್ದಳು. ನಾನು ಅವಳನ್ನು ಪ್ರೀತಿಸಿದೆ. ಎಷ್ಟು ಎಂದು ಹೇಳಿದರೆ ನೀವು ಮತ್ತೆ ಭಾಗಿಸುತ್ತೀರಿ, ಬಿಡಿ.

ಕೋರ್ಸಿನ ಮುಖ್ಯ ಕೆಲಸ ಒಂದೇ. ಪ್ರತಿಯೊಬ್ಬರೂ ಐವತ್ತು ಗಿಡ ಸಂಗ್ರಹಿಸಬೇಕು. ಹಳೆಯ ಪೇಪರಿನ ನಡುವೆ ಇಟ್ಟು, ಎರಡು ಹಲಗೆಗಳಲ್ಲಿ ಬಿಗಿದು, ದಿನಾ ಪೇಪರು ಬದಲಿಸಿ ಒಣಗಿಸಬೇಕು. ಆಮೇಲೆ ದಪ್ಪ ಹಾಳೆಗೆ ಹೊಲಿದು, ಬಲಗಡೆಯ ಮೂಲೆಯಲ್ಲಿ ಚೀಟಿ ಅಂಟಿಸಬೇಕು. ಗಿಡದ ಹೆಸರು, ಜಾಗ, ದಿನಾಂಕ. ಕೊನೆಯ ಸಾಲಿನಲ್ಲಿ ಸಂಗ್ರಹಿಸಿದವರ ಹೆಸರು. ಸರ್ ಒಂದು ನಿಯಮ ಮಾಡಿದ್ದರು: ಚೀಟಿಯನ್ನು ಪೆನ್ನಿನಿಂದ ಬರೆಯಕೂಡದು, ಪೆನ್ಸಿಲ್ಲಿನಲ್ಲೇ ಬರೆಯಬೇಕು.

"ಮಸಿ ಒಂದು ಹನಿ ನೀರಿಗೆ ಓಡಿ ಹೋಗ್ತದ. ಪೆನ್ಸಿಲ್ಲಿಂದು ನೂರು ವರ್ಷ ಇರ್ತದ. ಮಳಿ, ಬಿಸಲು, ಹುಳಾ ಯಾವುದೂ ಏನೂ ಮಾಡಂಗಿಲ್ಲ" ಎನ್ನುತ್ತಿದ್ದರು. ಮಳೆ, ಬಿಸಿಲು, ಹುಳು. ಶತ್ರುಗಳ ಪಟ್ಟಿಯನ್ನು ಅಷ್ಟಕ್ಕೇ ನಿಲ್ಲಿಸಿದರು ನೋಡಿ, ನಮ್ಮ ಪಾಪದ ಸರ್.

ಪ್ರೇಮಲೀಲಾ ಮತ್ತು ಫಕೀರವ್ವ ಜೋಡಿಯಾದರು. ಒಬ್ಬಳಿಗೆ ಬರವಣಿಗೆ ಬರುತ್ತಿತ್ತು, ಇನ್ನೊಬ್ಬಳಿಗೆ ಗುಡ್ಡ ಬರುತ್ತಿತ್ತು. ಫಕೀರವ್ವ ಗಿಡ ಹುಡುಕುತ್ತಿದ್ದಳು. ಪ್ರೇಮಲೀಲಾ ಪುಸ್ತಕ ನೋಡಿ ಅದರ ದೊಡ್ಡ ಹೆಸರು ಬರೆಯುತ್ತಿದ್ದಳು. ಇಬ್ಬರ ಹಾಳೆಗಳನ್ನೂ ಹೊಲಿಯುವವಳು ಫಕೀರವ್ವ, ಕೌದಿ ಹೊಲಿದ ಕೈ ಅದು. ಗುಡ್ಡದ ನೆತ್ತಿಯ ಮೇಲೆ ಕುಳಿತು ಒಂದೇ ಬುತ್ತಿ ಬಿಚ್ಚುತ್ತಿದ್ದರು: ಜೋಳದ ರೊಟ್ಟಿ, ಶೇಂಗಾ ಚಟ್ನಿ, ಆಗಷ್ಟೇ ಕಿತ್ತ ಹಸಿ ಹಕ್ಕರಕಿ.

"ಚಟ್ನ್ಯಾಗ ಮೆಣಸಿನಕಾಯಿ ಐತಿ, ತಿಂತೀಯೇನ? ಪರದೇಸದ್ದು ಅದು" ಎಂದು ಪ್ರೇಮಲೀಲಾ ಕೆಣಕುತ್ತಿದ್ದಳು.

"ಇಷ್ಟ ವರ್ಷ ನಮ್ಮನ್ಯಾಗ ಉಂಡೈತಿ. ಇನ್ನ ಹೊರಗ ಹಾಕಾಕ ಬರ್ತೈತೇನ್ರಿ ಅಕ್ಕಾರ?"

ತನ್ನ ಹಾಳೆಯ ಚೀಟಿಯಲ್ಲಿ ಕೊನೆಯ ಸಾಲನ್ನು ಮಾತ್ರ ಫಕೀರವ್ವ ತಾನೇ ಬರೆಯುತ್ತಿದ್ದಳು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಹಾಳೆಯ ಮೇಲೆ ಬಾಗಿ, ನಾಲಿಗೆ ಕಚ್ಚಿ, ನೆಲ ಅಗೆಯುವ ಹಾಗೆ ಪೆನ್ಸಿಲ್ ಒತ್ತಿ ಬರೆಯುತ್ತಿದ್ದಳು: ಫಕೀರವ್ವ. ನಾನು ನೋಡಿದರೆ ಅದು ಅಕ್ಷರವಲ್ಲ, ಎತ್ತು ಕಟ್ಟಿ ಹೊಡೆದ ಸಾಲು.

ಈಗ ನನ್ನ ಅವಮಾನದ ಕಥೆ. ಫಕೀರವ್ವನಿಗೆ ನನ್ನ ಅಗತ್ಯವೇ ಇರಲಿಲ್ಲ! ಎಲೆ ಹರಿದು ಮೂಸುತ್ತಿದ್ದಳು, ನಾಲಿಗೆಗೆ ಹಚ್ಚಿಕೊಳ್ಳುತ್ತಿದ್ದಳು, ಹೆಸರು ಹೇಳಿಬಿಡುತ್ತಿದ್ದಳು. ಸರ್ ಎದೆ ಬಡಿದುಕೊಂಡು, "ಎಲ್ಲಾ ಬಾಯಾಗ ಹಾಕ್ಕೊಬ್ಯಾಡ ಬೇ ಫಕೀರವ್ವಾ!" ಎಂದು ಕೂಗುತ್ತಿದ್ದರು. ನಾನು ಉರಿದು ಬೂದಿಯಾಗುತ್ತಿದ್ದೆ. ಬರಿಗಣ್ಣು, ಬರಿಮೂಗಿನವರು ಹೀಗೆ ಗೆದ್ದರೆ ಗಾಜಿನ ಜಾತಿಗೆ ಬೆಲೆ ಎಲ್ಲಿ?

ಆ ಅಹಂಕಾರ ಇಳಿದದ್ದು ಒಂದು ಭಾನುವಾರ. ಕೆಂಪು ಬಂಡೆಯ ಬಿರುಕಿನಲ್ಲಿ ಹೆಬ್ಬೆರಳುದ್ದದ ಒಂದು ಗಿಡ. ಅದರ ಹೂವು ಸಾಸಿವೆ ಕಾಳಿಗಿಂತ ಸಣ್ಣದು. "ಇದು ಇರಿವಿ ಬೆಂಡೋಲಿ" ಎಂದಳು ಫಕೀರವ್ವ. ಇರುವೆಯ ಕಿವಿಯೋಲೆ! ಅವಳ ಅಜ್ಜಿ ಇಟ್ಟ ಹೆಸರು. "ನಮ್ಮ ಆಯಿ ಹಂಗಂತಿದ್ಲ್ರಿ. ಇರಿವಿ ತನ್ನ ಮಗಳ ಮದವಿಗೆ ಮಾಡಿಸಿದ ಬೆಂಡೋಲಿ ಅಂತ. ಮುದುಕಿ ಕಥಿ ಹೇಳತಾಳ ಅನ್ಕೊಂಡಿದ್ದೆ."

ಪ್ರೇಮಲೀಲಾ ನನ್ನನ್ನು ಕೊರಳಿನಿಂದ ತೆಗೆದು ಅವಳ ಕೈಗಿಟ್ಟಳು. "ನೋಡು. ದೂರ ಹಿಡೀಬ್ಯಾಡ, ಕಣ್ಣಿಗೆ ಹತ್ತಿಸಿ ಹಿಡಿ."

ಮೊದಲ ಸಲ ಆ ಕಣ್ಣು ನನ್ನ ಹತ್ತಿರ ಬಂತು. ನಾನು ಮೈಯೆಲ್ಲ ಬಿಗಿಹಿಡಿದು, ಅಂಬಾಲಾದ ಮುದುಕನನ್ನು ನೆನೆದು, ನನ್ನ ಜೀವಮಾನದ ಕೆಲಸ ಮಾಡಿದೆ. ದಂಟಿನಿಂದ ಜೋತ ಎರಡು ಹಳದಿ ಹನಿ, ಒಂದೊಂದರ ತುದಿಯಲ್ಲಿ ಒಂದೊಂದು ಕೆಂಪು ಹರಳು. ಸಾಕ್ಷಾತ್ ಕಿವಿಯೋಲೆ.

"ಯವ್ವಾ!" ಎಂದಳು ಫಕೀರವ್ವ. ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. "ನಮ್ಮ ಆಯಿ ಸುಳ್ಳ ಹೇಳಿಲ್ಲ ನೋಡ್ರಿ ಅಕ್ಕಾರ. ಗಾಜಿಲ್ಲದ ಹೆಂಗ ಕಂಡಿತ್ತೋ ಆಕೀಗಿ."

ನನ್ನ ಗಾಜು ಮಸುಕಾಯಿತು. ಅವಳ ಕಣ್ಣಿನ ನೀರು ತಾಗಿತ್ತು. ಅಂದಿನಿಂದ ನಾನು ಅವಳ ಕಡೆಯವನಾದೆ. ಸರ್ ಆ ಗಿಡ ನೋಡಿ ಕುಣಿದರು. ಅವರ ಪುಸ್ತಕದಲ್ಲಿ ಅದಕ್ಕೆ ಕನ್ನಡದ ಹೆಸರೇ ಇರಲಿಲ್ಲ. ಚೀಟಿಯ ಮೇಲೆ ಇರಿವಿ ಬೆಂಡೋಲಿ ಎಂದು ಬರೆಸಿದರು. ಅದು ಫಕೀರವ್ವನ ಇಪ್ಪತ್ತೇಳನೆಯ ಹಾಳೆಯಾಯಿತು.

ಆಮೇಲಿನ ಭಾನುವಾರಗಳಲ್ಲಿ ಪ್ರೇಮಲೀಲಾ ಕಡಿಮೆ ಬಂದಳು. ನಾದಿನಿಯ ಮದುವೆ, ಸೀರೆ ತರುವುದು, ಹಪ್ಪಳ ಒತ್ತುವುದು, ನೆಂಟರಿಗೆ ಬಡಿಸುವುದು. ನಾನು ಮೊಳೆಗೆ ನೇತುಬಿದ್ದು ನೋಡುತ್ತಿದ್ದೆ. ಅವಳನ್ನು ಆ ಮನೆಯವರು ಹೊರಗೆ ಬಿಡಲಿಲ್ಲ, ಅದು ನಿಜ. ಆದರೆ ಸರ್ ಕೇಳಿದಾಗಲೆಲ್ಲ "ನನ್ನವು ಐವತ್ತೂ ರೆಡಿ ಅದಾವ ಸರ್" ಎನ್ನುತ್ತಿದ್ದಳು, ಅದೂ ನಿಜ. ಇದ್ದದ್ದು ಮೂವತ್ತೊಂದು.

ಫಕೀರವ್ವ ಐವತ್ತನ್ನೂ ಮುಗಿಸಿದಳು. ಅವಳ ಮನೆಯಲ್ಲಿ ಇಲಿ, ಒರಲೆ. ಹಾಗಾಗಿ ಅವಳ ಹಾಳೆಗಳೂ ಪ್ರೇಮಲೀಲಾಳ ಮನೆಯ ಉಕ್ಕಿನ ತಿಜೋರಿಯಲ್ಲೇ ಇದ್ದವು. ನೀಲಿ ದಾರ ಕಟ್ಟಿದ್ದು ಅವಳದು, ಕೆಂಪು ದಾರದ್ದು ಇವಳದು.

ಒಪ್ಪಿಸುವ ದಿನಕ್ಕೆ ನಾಲ್ಕು ದಿನ ಇತ್ತು. ಮಧ್ಯಾಹ್ನ. ಮನೆಯವರೆಲ್ಲ ಬೀಗರೂಟಕ್ಕೆ ಹೋಗಿದ್ದರು. ಪ್ರೇಮಲೀಲಾ ತಿಜೋರಿ ತೆಗೆದು, ನೀಲಿ ದಾರ ಬಿಚ್ಚಿ, ಹಾಳೆಗಳನ್ನು ಮಂಚದ ಮೇಲೆ ಹರಡಿದಳು. ಸುಮಾರು ಹೊತ್ತು ಸುಮ್ಮನೆ ನೋಡಿದಳು. ಆಮೇಲೆ ಆರಿಸತೊಡಗಿದಳು. ತನ್ನ ಬಳಿ ಇಲ್ಲದ ಗಿಡಗಳು, ಚೆಂದವಾಗಿ ಒಣಗಿದ ಗಿಡಗಳು. ಇಪ್ಪತ್ತೇಳನೆಯದನ್ನು ಒಮ್ಮೆ ಕೆಳಗಿಟ್ಟು, ಮತ್ತೆ ಎತ್ತಿಕೊಂಡಳು. ರಬ್ಬರು ತಂದಳು.

ಕೊನೆಯ ಸಾಲನ್ನು ಮಾತ್ರ ಒರೆಸಬೇಕಿತ್ತು. ಉಳಿದದ್ದೆಲ್ಲ ಅವಳ ಅಕ್ಷರವೇ ತಾನೆ. ಮೆಲ್ಲಗೆ ಉಜ್ಜಿದಳು. ಪುಡಿ ಊದಿದಳು. ಆಮೇಲೆ ನನ್ನನ್ನು ಕೈಗೆತ್ತಿಕೊಂಡಳು.

ನನಗೆ ಅರ್ಥವೇ ಆಗಲಿಲ್ಲ. ಹೂವಿಗೆಂದು ಹುಟ್ಟಿದವನು ನಾನು. ಅವಳು ನನ್ನನ್ನು ಚೀಟಿಯ ಮೇಲೆ ಹಿಡಿದು, ಕಪ್ಪು ಎಲ್ಲಾದರೂ ಉಳಿದಿದೆಯೇ ಎಂದು ಹುಡುಕಿದಳು. ಉಳಿದ ಕಡೆ ಮತ್ತೆ ಉಜ್ಜಿದಳು. ಮತ್ತೆ ನನ್ನನ್ನು ಹಿಡಿದಳು. ಹೀಗೆ ಹತ್ತೊಂಬತ್ತು ಸಲ. ಇಲ್ಲಿ ಭಾಗಿಸಬೇಡಿ. ಹತ್ತೊಂಬತ್ತು ಎಂದರೆ ಹತ್ತೊಂಬತ್ತು. ಮೂರನೇ ಕಣ್ಣು ಎಂದು ನನ್ನನ್ನು ಮುದ್ದಿಸಿದವಳು ನನ್ನನ್ನು ಕಳ್ಳತನದ ಕಂದೀಲು ಮಾಡಿಕೊಂಡಳು.

ಆದರೆ ಅವಳಿಗೆ ಕಾಣದ್ದು ನನಗೆ ಕಂಡಿತು. ಕಪ್ಪು ಹೋಗಿತ್ತು, ಗುಂಡಿ ಹೋಗಿರಲಿಲ್ಲ. ಫಕೀರವ್ವ ಒತ್ತಿದ ಪೆನ್ಸಿಲ್ಲಿನ ಸಾಲು ಕಾಗದದ ಮೈಯಲ್ಲಿ ಹಾಗೇ ಇತ್ತು, ನೀರು ಹರಿದು ಬತ್ತಿದ ಹಳ್ಳದ ಹಾಗೆ. ಅದರ ಮೇಲೆ ಪ್ರೇಮಲೀಲಾ ತನ್ನ ಮುತ್ತಿನಂಥ ಅಕ್ಷರದಲ್ಲಿ, ಗಾಳಿ ತಾಗಿದಷ್ಟು ಹಗುರವಾಗಿ, ತನ್ನ ಹೆಸರು ಬರೆದಳು.

ಮರುದಿನ ಫಕೀರವ್ವ ಬಂದಾಗ ಪ್ರೇಮಲೀಲಾ ಅತ್ತಳು. "ಗಾಳಿಗಂತ ಹೊರಗ ಇಟ್ಟಿದ್ದೆ ಫಕೀರವ್ವಾ. ಇಲಿ ಬಂದು ಹತ್ತೊಂಬತ್ತು ತಿಂದು ಹೋದ್ವು." ನಾಲ್ಕು ಹರಿದ ಚೂರುಗಳನ್ನು ಕೈಯಲ್ಲಿಟ್ಟಳು.

ಫಕೀರವ್ವ ಚೂರುಗಳನ್ನು ನೋಡಿದಳು. ಬಾಗಿಲ ಪಕ್ಕದ ಕಂಬಕ್ಕೆ ಒರಗಿ ನಿಂತಳು. ನಾನು ಒಂದು ಕಿರುಚಾಟಕ್ಕೆ ಕಾದೆ, ಒಂದು ಬೈಗುಳಕ್ಕೆ ಕಾದೆ. ಅವಳು ಸೆರಗಿನಿಂದ ಪ್ರೇಮಲೀಲಾಳ ಕಣ್ಣು ಒರೆಸಿದಳು.

"ಹೋಗ್ಲಿ ಬಿಡ್ರಿ ಅಕ್ಕಾರ. ನೀವ ಬೇಕಂತ ಮಾಡೀರೇನ? ಅಳಬ್ಯಾಡ್ರಿ. ಮೂರು ದಿನದಾಗ ಆದಷ್ಟು ಕಿತ್ಕೊಂಡು ಬರ್ತೀನಿ."

ಮೂರು ದಿನದಲ್ಲಿ ಗಿಡ ಒಣಗುವುದಿಲ್ಲ. ಅದು ಅವಳಿಗೂ ಗೊತ್ತಿತ್ತು.

ಪರೀಕ್ಷೆಗೆ ಹೊರಗಿನಿಂದ ಒಬ್ಬರು ಬಂದಿದ್ದರು. ಬಾಯಿ ಮಾತಿನ ಪರೀಕ್ಷೆಯಲ್ಲಿ ಫಕೀರವ್ವ ಕೇಳಿದ ಗಿಡವನ್ನೆಲ್ಲ ಕಣ್ಣು ಮುಚ್ಚಿ ಮೂಸಿ ಹೇಳಿದಳು. ಆದರೆ ಅವಳ ಹಾಳೆಗಳು ಮೂವತ್ತೊಂದು, ಮೇಲೆ ಕಪ್ಪಿಟ್ಟ ಎಂಟು ಹಸಿ ಗಿಡ. ನಿಯಮ ಐವತ್ತು. ಸರ್ ಎಷ್ಟು ಬೇಡಿಕೊಂಡರೂ ಅವರು, "ನೀವ ಮಾಡಿದ ನಿಯಮ ಅಲ್ರೀ ಇದು?" ಎಂದರು.

ಪ್ರೇಮಲೀಲಾಳ ಹಾಳೆಗಳು ಐವತ್ತು. ಸರ್ ಅವರ ಕಣ್ಣಿನ ಪೊರೆ ಬಲಿತು, ಯಾವ ಹಾಳೆ ಯಾರದೆಂದು ಅವರಿಗೆ ಕಾಣುತ್ತಿರಲಿಲ್ಲ. ಪರೀಕ್ಷೆಗೆ ಬಂದವರು ಕೇಳಿದರು: "ಹೊಲಿಗಿ ಭಾಳ ಚಂದ ಐತಿ. ನೀವ ಹೊಲದದ್ದೇನ್ರಿ?"

"ಹೌದ್ರಿ ಸರ್."

ಅವರು ನನ್ನನ್ನು ಕೇಳಿ ಪಡೆದು ಇಪ್ಪತ್ತೇಳನೆಯ ಹಾಳೆಯ ಮೇಲೆ ಹಿಡಿದರು. ಹೂವು ನೋಡಿದರು. ಚೀಟಿಗೆ ಬಂದರು. ನಾನು ಮೈಯೆಲ್ಲ ಬಾಯಾಗಿ ಕೂಗಿದೆ: ಹಾಳೆಯನ್ನು ಕಿಟಕಿಯ ಕಡೆ ತಿರುಗಿಸಿ ಮಹಾರಾಯರೇ, ಬೆಳಕು ಓರೆಯಾಗಿ ಬೀಳಲಿ! ಆದರೆ ತಲೆಯ ಮೇಲೆ ನೆಟ್ಟಗೆ ಟ್ಯೂಬ್‌ಲೈಟ್ ಉರಿಯುತ್ತಿತ್ತು. ನೆಟ್ಟಗೆ ಬಿದ್ದ ಬೆಳಕಿನಲ್ಲಿ ಗುಂಡಿಗೆ ನೆರಳಿಲ್ಲ, ನೆರಳಿಲ್ಲದೆ ಗುಂಡಿ ಕಾಣುವುದಿಲ್ಲ. ಸೂರ್ಯನನ್ನೇ ಹಿಡಿದವನು ಒಂದು ಟ್ಯೂಬ್‌ಲೈಟಿಗೆ ಸೋತೆ. "ಬೆಸ್ಟ್" ಎಂದು ಅವರು ನನ್ನನ್ನು ಮಡಚಿಟ್ಟರು.

ಪ್ರೇಮಲೀಲಾ ಮೊದಲನೆಯವಳಾಗಿ ಪಾಸಾದಳು. ಸಸ್ಯವನದ ಮಾಹಿತಿ ಕೋಣೆಯಲ್ಲಿ ಕುರ್ಚಿ ಸಿಕ್ಕಿತು. ಅವಳ ಗಂಡ ಕಾರ್ಡನ್ನು ಓಣಿಗೆಲ್ಲ ತೋರಿಸಿದ. ಫಕೀರವ್ವನಿಗೆ, ತರಗತಿಗೆ ಹಾಜರಿದ್ದಳು ಎಂದು ಬರೆದ ಒಂದು ಕಾಗದ ಕೊಟ್ಟರು. ಅವಳು ಅದನ್ನು ಗಾರ್ಡಿಗೆ ತೋರಿಸಿದಳಂತೆ. ಅವನು ಓದಿ, ವಾಪಸು ಕೊಟ್ಟು, ಬುಟ್ಟಿ ಸುರುವಿದನಂತೆ.

ಕೆಲವು ವಾರದ ಮೇಲೆ ಸರ್ ಹೇಳಿ ಕೇಳಿ ಫಕೀರವ್ವನಿಗೆ ಅದೇ ಸಸ್ಯವನದಲ್ಲಿ ಕಸ ಗುಡಿಸುವ, ಕಳೆ ಕೀಳುವ ಕೆಲಸ ಕೊಡಿಸಿದರು. ಅವಳು ಬಂದ ಮೊದಲ ದಿನವೇ ಪ್ರೇಮಲೀಲಾ ನನ್ನನ್ನು ಕೊರಳಿನಿಂದ ತೆಗೆದು ಅವಳಿಗೆ ಕೊಟ್ಟಳು.

"ಇದು ನಿನ್ನ ಹತ್ರ ಇರ್ಲಿ ಫಕೀರವ್ವಾ. ನೆನಪಿಗೆ."

ನೆನಪಿಗಂತೆ! ಆ ಮಧ್ಯಾಹ್ನದ ನಂತರ ಅವಳು ನನ್ನೊಳಗೆ ಒಮ್ಮೆಯೂ ಇಣುಕಿರಲಿಲ್ಲ. ನಾನು ನೋಡಿದ್ದೇನೆ ಎಂಬುದು ಅವಳಿಗೆ ಗೊತ್ತಿತ್ತು. ಕಂಡವನನ್ನು ಮನೆಯಿಂದ ಹೊರಹಾಕಿದಳು, ಅದಕ್ಕೆ ಉಡುಗೊರೆ ಎಂದು ಹೆಸರಿಟ್ಟಳು. ನಾನು ಅವಳನ್ನು ಅಷ್ಟು ಪ್ರೀತಿಸಿದ್ದೆನಲ್ಲ, ಅದೇ ನನ್ನ ಗಾಜಿನೊಳಗೆ ಕೂದಲಿನಂಥ ಬಿರುಕಾಗಿ ಕುಳಿತಿದೆ. ನಂಬದಿದ್ದರೆ ಬಂದು ನೋಡಿ.

ಒಂದು ದಿನ ಶಾಲೆಯ ಮಕ್ಕಳು ಬಂದರು. ಹೊರಗೆ ಕಿಟಕಿಯ ಕೆಳಗೆ ಫಕೀರವ್ವ ಕಾಂಗ್ರೆಸ್ ಕಸ ಕೀಳುತ್ತಿದ್ದಳು. ನಾನು ಅವಳ ಎದೆಯ ಮೇಲಿದ್ದೆ. ಒಳಗಿನಿಂದ ಪ್ರೇಮಲೀಲಾಳ ದನಿ ಕೇಳಿತು.

"ಇದಕ್ಕ ಇರಿವಿ ಬೆಂಡೋಲಿ ಅಂತಾರ. ನಾನ ಹುಡುಕಿದ್ದು. ಇರಿವಿ ತನ್ನ ಮಗಳ ಮದವಿಗೆ ಮಾಡಿಸಿದ ಬೆಂಡೋಲಿ ಅಂತ ನಮ್ಮ ಆಯಿ ಕಥಿ ಹೇಳತಿದ್ಲು."

ಫಕೀರವ್ವನ ಕೈ ನಿಂತಿತು. ಎದೆ ಒಮ್ಮೆ ಮೇಲೆದ್ದು ಅಲ್ಲೇ ಉಳಿಯಿತು. ಗಿಡ ಇಬ್ಬರಿಗೂ ಸಿಗಬಹುದು. ಒಂದೇ ಬಂಡೆಯ ಬಿರುಕಿನಲ್ಲಿ ಇನ್ನೊಂದು ಬೆಳೆದಿರಬಹುದು, ಅವಳು ಹಾಗೇ ನಂಬಿದ್ದಳು. ಆದರೆ ಆಯಿ? ಇಬ್ಬರಿಗೂ ಒಬ್ಬಳೇ ಆಯಿ ಹೇಗೆ ಸಿಗುತ್ತಾಳೆ?

ಮರುದಿನ ಮುಂಜಾನೆ ಕಸ ಗುಡಿಸಲು ಮಾಹಿತಿ ಕೋಣೆ ತೆರೆದವಳು ಪೊರಕೆಯನ್ನು ಮೂಲೆಗಿಟ್ಟಳು. ಮೇಜಿನ ಮೇಲಿನ ಹಾಳೆಗಳ ಕಟ್ಟು ಬಿಚ್ಚಿ ಇಪ್ಪತ್ತೇಳನೆಯದನ್ನು ಹೊರತೆಗೆದಳು. ಮೊದಲು ಹೊಲಿಗೆಯನ್ನು ಬೆರಳಿನಿಂದ ಸವರಿದಳು. ಅದು ಅವಳದೇ, ಆದರೆ ಇಬ್ಬರ ಹಾಳೆಗಳನ್ನೂ ಹೊಲಿದವಳು ಅವಳೇ ತಾನೆ. ಆಮೇಲೆ ನನ್ನನ್ನು ಕಣ್ಣಿಗೆ ಹತ್ತಿಸಿ ಹಿಡಿದಳು, ಹೇಳಿಕೊಟ್ಟ ಹಾಗೆಯೇ. ಮೂಡಣದ ಕಿಟಕಿಯಿಂದ ಎಳೆಬಿಸಿಲು ಹಾಳೆಯ ಮೇಲೆ ಓರೆಯಾಗಿ ಮಲಗಿತ್ತು. ಹೂವಿನಿಂದ ಚೀಟಿಗೆ ಇಳಿದಳು. ಕೊನೆಯ ಸಾಲಿಗೆ ಬಂದಳು.

ಗುಂಡಿಗಳಿಗೆ ನೆರಳು ಬಂದಿತ್ತು. ಫ. ಕೀ. ರ. ವ್ವ. ತುಟಿ ಆಡಿಸುತ್ತ ಒಂದೊಂದೇ ಅಕ್ಷರ ಓದಿದಳು. ತನ್ನ ಹೆಸರನ್ನು ತಾನೇ ಮೊದಲ ಸಲ ಓದುವವಳ ಹಾಗೆ.

ಬಾಗಿಲಲ್ಲಿ ಚಪ್ಪಲಿಯ ಸದ್ದಾಯಿತು. ಪ್ರೇಮಲೀಲಾ ಬಂದು ನಿಂತಿದ್ದಳು. ಮೇಜು ನೋಡಿದಳು, ಹಾಳೆ ನೋಡಿದಳು, ನನ್ನನ್ನು ನೋ‌ಡಿದಳು.

"ನಿಮ್ಮ ಮನಿ ಇಲಿ ಭಾಳ ಶಾಣ್ಯಾ ಐತ್ರಿ ಅಕ್ಕಾರ" ಎಂದಳು ಫಕೀರವ್ವ. ದನಿ ಏರಲಿಲ್ಲ. "ತಿನ್ನೂದಷ್ಟ ಅಲ್ಲ, ಬರ್ಯಾಕೂ ಕಲತೈತಿ."

ಪ್ರೇಮಲೀಲಾ ಏನೋ ಹೇಳಲು ಬಾಯಿ ತೆರೆದಳು. "ನಮ್ಮ ಮನ್ಯಾಗ... ನನ್ನ ಬಿಡಲಿಲ್ಲ ಫಕೀರವ್ವಾ... ಫಸ್ಟ್ ಬರ್ತೀನಂತ ಎಲ್ಲಾರಿಗೂ ಹೇಳಿದ್ದೆ..."

"ಕೇಳಿದ್ರ ಹತ್ತೊಂಬತ್ತೂ ಗಿಡ ಮತ್ತ ಕಿತ್ತು ಕೊಡತಿದ್ದೆಲ್ರಿ. ಹೊಲದೂ ಕೊಡತಿದ್ದೆ." ಹೂವಿನ ಮೇಲೆ ಬೆರಳಿಟ್ಟು, "ನಮ್ಮ ಆಯೀನ್ನ ಯಾಕ ತಗೊಂಡ್ರಿ?" ಎಂದಳು.



ಫಕೀರವ್ವ ಮೇಜಿನ ಮೇಲಿದ್ದ ಪೆನ್ಸಿಲ್ ಎತ್ತಿಕೊಂಡಳು. ಚೀಟಿಯ ಮೇಲೆ ಅದನ್ನು ಅಡ್ಡ ಮಲಗಿಸಿ, ಕೊನೆಯ ಸಾಲಿನ ಮೇಲೆ ಹಗುರವಾಗಿ ಬಳಿದಳು, ಹೊಸ್ತಿಲು ಸಾರಿಸುವ ಹಾಗೆ. ಮುತ್ತಿನಂಥ ಅಕ್ಷರಗಳು ಕಪ್ಪಿನಲ್ಲಿ ಮುಳುಗಿದವು. ಗುಂಡಿಗಳಿಗೆ ಮಾತ್ರ ಕಪ್ಪು ಇಳಿಯಲಿಲ್ಲ. ಕಪ್ಪು ನೆಲದ ಮೇಲೆ ಬಿಳಿಯಾಗಿ, ದಪ್ಪವಾಗಿ, ಸೊಟ್ಟಸೊಟ್ಟಾಗಿ ಎದ್ದು ಬಂತು: ಫಕೀರವ್ವ. ಅದನ್ನು ನೋಡಲು ಯಾವ ಗಾಜೂ ಬೇಕಿರಲಿಲ್ಲ. ಬಾಗಿಲಲ್ಲಿ ನಿಂತವರಿಗೂ ಕಾಣುತ್ತಿತ್ತು.

ಪೆನ್ಸಿಲ್ಲನ್ನು ಪ್ರೇಮಲೀಲಾಳ ಕೈಗಿಟ್ಟಳು.

"ಉಳದ ಹದಿನೆಂಟು ನೀವ ಬಳೀರಿ ಅಕ್ಕಾರ. ಬಳದು ಸರ್‌ಗೆ ನೀವ ತೋರಸ್ರಿ. ನಾ ಯಾರ ಮುಂದೂ ಹೇಳಂಗಿಲ್ಲ. ನಾ ಹೇಳಿದ್ರ ಅದು ಚಾಡಿ ಆಕ್ಕೈತಿ. ನೀವ ಹೇಳಿದ್ರ ನನಗ ಕಾರ್ಡ್ ಆಕ್ಕೈತಿ."

ಅಷ್ಟಾದರೂ "ರಿ" ಎನ್ನುವುದನ್ನು ಅವಳು ಬಿಡಲಿಲ್ಲ. ನನ್ನನ್ನು ಕೊರಳಿನಿಂದ ತೆಗೆದು ಹಾಳೆಯ ಮೇಲಿಟ್ಟಳು. ಖಾಲಿ ಬುಟ್ಟಿ ಎತ್ತಿಕೊಂಡು ಹೊರಟಳು. ಸಸ್ಯವನದ ಕೆಲಸಕ್ಕೆ ಮತ್ತೆ ಬರಲಿಲ್ಲ.

ನೀನೂ ಬಾ ಎನ್ನುತ್ತಾಳೇನೋ ಎಂದು ಕಾದೆ. ಅವಳು ತಿರುಗಿ ನೋಡಲಿಲ್ಲ. ನ್ಯಾಯವೇ, ಅವಳ ಹೆಸರನ್ನು ಹತ್ತೊಂಬತ್ತು ಸಲ ಅಳಿಸುವಾಗ ಬೆಳಕು ಹಿಡಿದವನು ನಾನಲ್ಲವೇ? ನನ್ನ ಮೇಲೆ ನಂಬಿಕೆ ಇಡು ಎಂದು ಯಾವ ಬಾಯಿಂದ ಹೇಳಲಿ.

ಈಗ ನಾನು ಮೇಜಿನ ಖಾನೆಯಲ್ಲಿ ಇದ್ದೇನೆ. ಹಿತ್ತಾಳೆ ಹಸಿರುಗಟ್ಟಿದೆ, ತಿರುಗಣೆ ಬಿಗಿದಿದೆ. ಮುದುಕನಾದೆ. ನನ್ನ ಕೆಳಗೆ ಇಪ್ಪತ್ತೇಳನೆಯ ಹಾಳೆ ಮಡಚಿಕೊಂಡು ಮಲಗಿದೆ. ಪ್ರೇಮಲೀಲಾ ಅಂದೇ ಅದನ್ನು ಇಲ್ಲಿ ತುರುಕಿದಳು. ಪಕ್ಕದಲ್ಲಿ ಆ ಪೆನ್ಸಿಲ್ ಇದೆ. ಹರಿಯದೆ, ಸುಡದೆ, ಹಾಗೇ ಇಟ್ಟಿದ್ದಾಳಲ್ಲ ಎಂದು ಮೊದಮೊದಲು ಆಸೆಪಟ್ಟೆ. ಒಮ್ಮೊಮ್ಮೆ ಅವಳು ಖಾನೆ ತೆರೆಯುತ್ತಾಳೆ, ಪೆನ್ಸಿಲ್ ಮುಟ್ಟುತ್ತಾಳೆ, ಹೊರಗೆ ಯಾರೋ "ಮೇಡಂ" ಎಂದು ಕರೆಯುತ್ತಾರೆ, ಖಾನೆ ಮುಚ್ಚುತ್ತದೆ. ಇವತ್ತಿಗೂ ಆ ಪೆನ್ಸಿಲ್ಲಿನ ಉದ್ದ ಅಷ್ಟೇ ಇದೆ.

ಖಾನೆಯ ಹಿಂಬದಿಗೆ ಕಿಟಕಿ. ಅದರಾಚೆ ಗುಡ್ಡದ ಗೇಟು. ದಿನಾ ಮುಂಜಾನೆ ಹೆಜ್ಜೆ ಸದ್ದು ಇಳಿದು ಬರುತ್ತದೆ. "ಕಾರ್ಡ್ ಎಲ್ಲೈತಿ?" ಎಂದು ಗಾರ್ಡ್ ಕೇಳುತ್ತಾನೆ. "ಆಗಾಕತ್ತೈತ್ರಿ, ಬರ್ತೈತಿ" ಎನ್ನುತ್ತಾಳೆ ಫಕೀರವ್ವ. ಆಮೇಲೆ ಬುಟ್ಟಿ ಮಗುಚುತ್ತದೆ. ಹಕ್ಕರಕಿ ಎಲೆ ನೆಲಕ್ಕೆ ಬೀಳುವ ಸದ್ದು ಬಹಳ ಸಣ್ಣದು, ಹತ್ತಡಿ ಆಚೆ ಕುರ್ಚಿಯಲ್ಲಿ ಕುಳಿತವರಿಗೂ ಕೇಳುವುದಿಲ್ಲ.

ನಾನು ಕಣ್ಣಿಗೆ ಕಾಣುವುದನ್ನು ಮಾತ್ರ ದೊಡ್ಡದು ಮಾಡಬಲ್ಲೆ. ಆ ಸದ್ದನ್ನು ದೊಡ್ಡದು ಮಾಡುವ ಗಾಜು ಎಲ್ಲಾದರೂ ಹುಟ್ಟಿದ್ದರೆ, ದಯವಿಟ್ಟು ತಂದು ಆ ಕುರ್ಚಿಯ ಮುಂದೆ ಇಡಿ.